ಬಾರದೆ ಉಳಿದ ಮಾಂಬಳದ ಫೋಟೋ

ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಟೀಚರಿಗೆ ಸ್ವಂತ ಅಮ್ಮನ ಫೋನಿನಿಂದ ನಾಲ್ಕು ಫೋಟೋ ಕಂಪ್ಯೂಟರಿಗೆ ಹಾಕಲು ಬರಲಿಲ್ಲ ಎಂದು ನಮ್ಮ ನೆಂಟರಲ್ಲಿ ಇವತ್ತಿಗೂ ನಗುವವರಿದ್ದಾರೆ. ನಗಲಿ. ನಡೆದದ್ದನ್ನು ಹೇಳಿದರೆ ಅವರ ಬಾಯಿ ಮುಚ್ಚೀತು, ಅಮ್ಮನ ಮರ್ಯಾದೆ ಹೋದೀತು. ಸದ್ಯ ಅಮ್ಮನ ಕನ್ನಡಕ ಒಡೆದಿದೆ. ಹೊಸದು ಬರುವ ಮೊದಲು ಬರೆದು ಮುಗಿಸುತ್ತೇನೆ.

ಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಎರೆದು, ಒಣಗಿದ ಮೇಲೆ ಅದರ ಮೇಲೇ ಮತ್ತೆ ಎರೆದು, ಬಿಸಿಲಿರುವಷ್ಟು ದಿನ ಹೀಗೇ ಮಾಡಿದರೆ ಮಾಂಬಳವಾಗುತ್ತದೆ. ಗಡಿಯಾಚೆ ಮಲಯಾಳದ ರಾಜ್ಯಕ್ಕೆ ಸೇರಿದ ಪೆರ್ಲದ ಸುತ್ತಮುತ್ತ ನಮ್ಮ ಅಮ್ಮನಿಗೆ ಇದರಲ್ಲಿ ದೊಡ್ಡ ಹೆಸರು. ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಪುತ್ತೂರಿನಿಂದ ಬಂದು ಒಂದು ಸುರುಳಿ ಒಯ್ಯುತ್ತಾರೆ. ಜಾತಿಯ ಹೊರಗಿನವರು ಮಾಡಿದ ಒಂದು ತುಂಡು ಹಪ್ಪಳವನ್ನೂ ಮುಟ್ಟದ ಹೆಂಗಸು ಅವರು. ಬಸ್‌ಸ್ಟ್ಯಾಂಡಿನ ಚಹಾ ಕೂಡ ಆಗದು. ಅವರು ಹೊಗಳಿದರೆ ಅಮ್ಮನ ಕಾಲು ಆಮೇಲೆ ಒಂದು ವಾರ ನೆಲದ ಮೇಲೆ ಇರುವುದಿಲ್ಲ.

ಈ ಸಂಗತಿ ನಡೆದ ವರ್ಷ ಅಮ್ಮ ಫೋನಿನಲ್ಲಿ ಅತ್ತೆಯ ಹತ್ತಿರ ಕೊಚ್ಚಿಕೊಳ್ಳುವಾಗ, ಮಾಂಬಳ ಎರೆಯುವ ಫೋಟೋ ಕೂಡ ಉಂಟು ಎಂದುಬಿಟ್ಟಿದ್ದಳು. ಅತ್ತೆ ಬಂದವರೇ ಪೆನ್‌ಡ್ರೈವ್ ಮೇಜಿನ ಮೇಲಿಟ್ಟರು.

“ನಮ್ಮ ಮಹಿಳಾ ಮಂಡಳಿಯಿಂದ ಅಡುಗೆ ಪುಸ್ತಕ ಬರ್ತದೆ. ಅತ್ತಿಗೆಯ ಫೋಟೋ ಹಾಕಬೇಕು. ಆ ಸಣ್ಣ ಫೋನಿನಲ್ಲಿ ನನಗೆ ಎಂತದ್ದೂ ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸು ಮಗಾ.”

“ಎರಡು ನಿಮಿಷ ಅತ್ತೆ,” ಎಂದೆ ನಾನು. ಆ ಎರಡು ನಿಮಿಷ ಊಟದ ಹೊತ್ತು ದಾಟಿ ಹೋಯಿತು.

ಮೊದಲ ವಯರಿನಲ್ಲಿ ಚಾರ್ಜ್ ಮಾತ್ರ ಆಗುತ್ತಿತ್ತು. ನನ್ನ ಫೋನಿನ ವಯರು ತಂದೆ. ಕಂಪ್ಯೂಟರ್ ಟಣ್ ಎಂದಿತು, ಫೋನಿನ ಹೆಸರನ್ನೂ ತೋರಿಸಿತು, ತೆರೆದರೆ ಒಳಗೆ ಬಟಾಬಯಲು. ಬೇರೆ ತೂತಿಗೆ ಚುಚ್ಚಿದೆ. ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಅತ್ತೆ ಹಿಂದೆ ಕುರ್ಚಿ ಎಳೆದುಕೊಂಡು ಕೂತು, “ಬಂತಾ? ಇಲ್ಲವಾ? ಅಯ್ಯೋ ಪಾಪ,” ಎನ್ನುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತ್ತು. ಅಮ್ಮ ಮಾತ್ರ ಫೋನನ್ನು ಮಡಿಲಲ್ಲಿಟ್ಟುಕೊಂಡು, ಏನೂ ಅರಿಯದ ಮಗುವಿನ ಹಾಗೆ ಕೂತಿದ್ದಳು. ವಯರು ಚುಚ್ಚಿದಾಗಲೆಲ್ಲ ಅವಳ ಹೆಬ್ಬೆರಳು ಒಮ್ಮೆ ಆಡುವುದು ಆಗ ನನ್ನ ಕಣ್ಣಿಗೆ ಬಿತ್ತು.

“ಅಮ್ಮಾ, ನೀನು ಎಂತ ಒತ್ತುತ್ತಾ ಇದ್ದಿ?”

“ಅದು ಮಲಯಾಳದಲ್ಲಿ ಎಂತದೋ ಕೇಳ್ತದೆ. ನಾನು ಎಡಗಡೆಯದ್ದು ಒತ್ತುತ್ತೇನೆ. ಅದು ಬೇಡ ಅಂತ.”

ಫೋನಿನ ಅಂಗಡಿಯವರು ಅದನ್ನು ಮಲಯಾಳದಲ್ಲೇ ಇಟ್ಟು ಕೊಟ್ಟಿದ್ದರು. ಅಮ್ಮನಿಗೆ ಆ ಲಿಪಿ ಬಾರದು. ಪಾಗಾರದ ಗೋಡೆಯಾಚೆ ಮುಸ್ಲಿಮರ ಮನೆಯ ಬ್ಯಾರಿ ಅಕ್ಕ ಅವಳಿಗೆ ಕಲಿಸಿಕೊಟ್ಟ ವಿದ್ಯೆ ಇದು: ಫೋನು ಏನು ಕೇಳಿದರೂ ಎಡಗಡೆಯದ್ದನ್ನು ಒತ್ತಿ, ಮೋಸ ಹೋಗುವ ಪ್ರಶ್ನೆಯೇ ಇಲ್ಲ. ಇಲಾಖೆಯ ಸುತ್ತೋಲೆ ಓದಿ ಓದಿ ನನಗೆ ಅಷ್ಟು ಮಲಯಾಳ ಬರುತ್ತದೆ. ಫೋನಿನ ಫೋಟೋಗಳನ್ನು ಈ ಕಂಪ್ಯೂಟರಿಗೆ ತೋರಿಸಲೇ ಎಂದು ಅದು ಪ್ರತಿ ಸಲವೂ ಮರ್ಯಾದೆಯಿಂದ ಕೇಳಿತ್ತು. ಪ್ರತಿ ಸಲವೂ ಅಮ್ಮ ಬೇಡ ಎಂದಿದ್ದಳು.

“ಅಷ್ಟೇನಾ! ಕೊಡು ಇಲ್ಲಿ,” ಎಂದು ಕಸಿದುಕೊಂಡೆ. ಅಮ್ಮನ ಮುಖ ಬಿಳುಚಿತು. “ಕಾಫಿ ಮಾಡುತ್ತೇನೆ,” ಎಂದು ಎದ್ದೇ ಹೋದಳು. ಅತ್ತೆಯೂ ಕನ್ನಡಕ ಹುಡುಕಲು ಮನೆಯೆದುರಿನ ಚಾವಡಿಗೆ ಹೋದರು. ನಾನು ವಯರು ಚುಚ್ಚಿ ಬಲಗಡೆಯದ್ದನ್ನು ಒತ್ತಿದೆ. ಫೋಟೋಗಳು ದಬದಬ ಬಂದು ಬಿದ್ದವು.

ಮೊದಲ ಫೋಟೋದಲ್ಲಿ ಮಾಂಬಳದ ಚಾಪೆ ಇತ್ತು. ಟೆರೇಸು ನಮ್ಮದಲ್ಲ. ನೀಲಿ ನೀರಿನ ಟ್ಯಾಂಕು ಇರುವುದು ಬ್ಯಾರಿ ಅಕ್ಕನ ಮನೆಯಲ್ಲಿ. ರಸ ಎರೆಯುತ್ತಿದ್ದ ಕೈಯಲ್ಲಿ ಮೊಣಕೈವರೆಗೆ ಮದರಂಗಿ. ಇನ್ನೊಂದು ಫೋಟೋವನ್ನು ಆಚೆ ಮನೆಯವರು ಅದೇ ಟೆರೇಸಿನಿಂದ ಕೆಳಕ್ಕೆ ತೆಗೆದು ಅಮ್ಮನಿಗೆ ಕಳಿಸಿದ್ದರು. ಪಾಗಾರದ ಈಚೆ ನಮ್ಮ ಅಂಗಳದಲ್ಲಿ ಅಮ್ಮ ಕುರ್ಚಿ ಹಾಕಿ ಕೂತು, ಬೆರಳೆತ್ತಿ, ಬಾಯಿ ದೊಡ್ಡದು ಮಾಡಿ ಆಜ್ಞೆ ಕೊಡುತ್ತಿದ್ದಳು.

ಅಯ್ಯೋ ದೇವರೇ! ಮೊಣಗಂಟಿನ ನೋವು ಶುರುವಾದ ಮೇಲೆ ಅಮ್ಮ ಟೆರೇಸು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಹಗಲೆಲ್ಲ ಶಾಲೆಯಲ್ಲಿರುವ ನಾನು ಮಾಂಬಳ ತಿಂದೆನೇ ಹೊರತು, ಅದು ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ. ಈ ಫೋಟೋ ಅತ್ತೆಯ ಕಣ್ಣಿಗೆ ಬಿದ್ದರೆ ಅಮ್ಮನ ಇಷ್ಟು ವರ್ಷದ ಹೆಸರು ಮಣ್ಣುಪಾಲು.

ಚಾವಡಿಯಿಂದ ಹೆಜ್ಜೆ ಸಪ್ಪಳ ಕೇಳಿತು. ವಯರು ಎಳೆದೆ. ಪರದೆ ಖಾಲಿ.

“ಬಂತಾ ಮಗಾ?”

“ನೋಡಿ ಅತ್ತೆ, ನಿಮ್ಮ ಎದುರೇ ಚುಚ್ಚುತ್ತೇನೆ,” ಎಂದೆ. ಫೋನು ಮತ್ತೆ ಕೇಳಿತು. ನಾನು ಎಡಗಡೆಯದ್ದನ್ನು ಒತ್ತಿದೆ. “ಇಲ್ಲ ಅತ್ತೆ, ಈ ಫೋನೇ ಕೆಟ್ಟದ್ದು.” ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅಮ್ಮ ನನ್ನ ಹೆಬ್ಬೆರಳನ್ನು ನೋಡಿದಳು. ಆ ದಿನ ನನ್ನ ಕಾಫಿಗೆ ಬಿದ್ದಷ್ಟು ಸಕ್ಕರೆ ಜನ್ಮದಲ್ಲಿ ಬಿದ್ದಿರಲಿಲ್ಲ.

ಸಂಜೆ ಅತ್ತೆಯನ್ನು ಪುತ್ತೂರಿನ ಬಸ್ಸಿಗೆ ಬಿಡಲು ಹೋದೆ. ಮಾಂಬಳದ ಸುರುಳಿ ಅವರ ಕಂಕುಳಲ್ಲಿತ್ತು.

“ಪುಸ್ತಕಕ್ಕೆ ಫೋಟೋ ಸಿಗಲಿಲ್ಲವಲ್ಲ ಅತ್ತೆ,” ಎಂದು ಬೇಜಾರು ನಟಿಸಿದೆ.

“ಪುಸ್ತಕವೂ ಇಲ್ಲ, ಗಿಸ್ತಕವೂ ಇಲ್ಲ. ಅತ್ತಿಗೆಯ ಮುಖ ನೋಡಲಿಕ್ಕೆ ಹೇಳಿದ್ದು ಮಾರಾಯ್ತಿ,” ಎಂದು ಅತ್ತೆ ಕಿಸಕ್ಕನೆ ನಕ್ಕರು. “ಜಗಲಿ ಹತ್ತಲಿಕ್ಕೆ ಗೋಡೆ ಹಿಡಿಯುವವಳು ಟೆರೇಸಿನಲ್ಲಿ ಮಾಂಬಳ ಎರೆಯುತ್ತಾಳಾ? ಮತ್ತೆ ಇಷ್ಟು ನಯ ಅವಳ ಕೈಯಲ್ಲಿ ಯಾವತ್ತು ಬಂದದ್ದುಂಟು? ಆಚೆ ಮನೆಯವಳದ್ದೇ ಒಳ್ಳೆಯದಾಗುತ್ತದೆ.”

ಬಸ್ಸು ಬಂತು. ಅತ್ತೆ ಮೆಟ್ಟಿಲು ಹತ್ತಿ, ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು: “ನನಗೆ ಗೊತ್ತುಂಟು ಅಂತ ಅತ್ತಿಗೆಗೆ ಹೇಳಬೇಡ. ಗೊತ್ತುಂಟು ಅಂತಾದರೆ ಮತ್ತೆ ನಾನು ತಿನ್ನುವುದು ಹೇಗೆ?”

ಮನೆಗೆ ಬಂದಾಗ ಅಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. “ಎಂತ ಹೇಳಿದಳು?”

“ಮುಂದಿನ ವರ್ಷ ಎರಡು ಸುರುಳಿ ಬೇಕಂತೆ.”

ಅಮ್ಮ ಮೊಣಗಂಟು ಹಿಡಿದುಕೊಂಡು ಎದ್ದಳು, ಸೀದಾ ಪಾಗಾರದ ಹತ್ತಿರ ಹೋಗಿ ಆಚೆ ಮನೆಯವರನ್ನು ಕೂಗಿದಳು.