ನೆಗೆಣ್ಣಿಯ ಗುಳಿಗೆ

೧೯೬೨ರಲ್ಲಿ ಹೂವಿನ ಹಿಪ್ಪರಗಿಯ ಒಂದು ಮನೆಯ ಕಿರಿಸೊಸೆ ಮಾಬುಬಿ ನಾಲ್ಕು ರೊಟ್ಟಿ ಉಂಡರೂ ಕಡ್ಡಿಯಂತಿದ್ದಳು. ಅವಳ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಜೈತುನಬಿ ಒಂದೇ ರೊಟ್ಟಿಗೆ ಕೈ ತೊಳೆದರೂ ಮೈತುಂಬಿಕೊಂಡಿದ್ದಳು. ಬಂದವರೆಲ್ಲ ಜೈತುನಬಿಯನ್ನು ಹೊಗಳಿ, ಮಾಬುಬಿಯತ್ತ ತಿರುಗಿ, "ಇಕಿಗೆ ಕೂಳ ಹಾಕೂದಿಲ್ಲೇನ್ರಿ?" ಎನ್ನುವಾಗ ಅವಳ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು.

ಸೊಲ್ಲಾಪುರದ ಡಾಕ್ಟರು ಕೊಟ್ಟ ಗುಳಿಗೆಯನ್ನು ಜೈತುನಬಿ ದಿನಾ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದಳು. ಮೈ ತುಂಬುವ ಗುಟ್ಟು ಅದರಲ್ಲೇ ಇದೆಯೆಂದು ಬಗೆದ ಮಾಬುಬಿ, ಆ ದೊಡ್ಡ ಶೀಶೆಯಿಂದ ದಿನಕ್ಕೆರಡು ಕದ್ದು ನುಂಗತೊಡಗಿದಳು.

ತಿಂಗಳೊಳಗೆ ಅವಳು ಇನ್ನಷ್ಟು ಬಡಕಲಾದಳು. ಎದೆ ಡವಡವ ಹೊಡೆಯಿತು, ಹಿಟ್ಟು ನಾದುವ ಕೈ ನಡುಗಿತು. ಸತ್ತೇಹೋಗುವೆನೆಂದು ಹೆದರಿ, ನೆಗೆಣ್ಣಿಯ ಮುಂದೆ ಅತ್ತು ಒಪ್ಪಿಕೊಂಡಳು.

"ಹುಚ್ಚಿ! ಅದು ನನ್ನ ಗಂಟಲ ಗಡ್ಡಿ ಬ್ಯಾನಿಗೆ ಕೊಟ್ಟದ್ದು, ಮೈ ಇಳಸಾಕ," ಎಂದಳು ಜೈತುನಬಿ. "ಇದು ಉಂಡ ಮೈ ಅಲ್ಲ, ಬಾವು. ನೀ ನಾಲ್ಕ ರೊಟ್ಟಿ ಬೆಣ್ಣಿ ಹಚ್ಚಿ ಉಣ್ಣೂದ ನೋಡಿ ನನ್ನ ಹೊಟ್ಟಿ ಎಷ್ಟ ಉರದೈತಿ, ಗೊತ್ತೇನ?"

ಮಾಬುಬಿಯ ಅಳು ಥಟ್ಟನೆ ನಿಂತಿತು. ತನ್ನನ್ನು ಕಂಡು ಕರುಬುವವರೂ ಇದ್ದಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಖರೇನ ಅಕ್ಕಾ?" ಎಂದು ಕಣ್ಣೊರೆಸಿಕೊಂಡಳು. "ಇನ್ನೊಮ್ಮೆ ಹೇಳಬೇ, ಎಷ್ಟ ಉರೀತು?"