ರಾಳದ ಹೊಗೆಗೊಂದು ಮುಖವಾಡ

ಐವತ್ತರ ದಶಕದಲ್ಲಿ ಬಸ್ಸುಗಳ ಮೈಯನ್ನು ಮರದಿಂದಲೇ ಕಟ್ಟುತ್ತಿದ್ದರು. ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಪಕ್ಕದ ತಗಡಿನ ಶೆಡ್ಡೊಂದರಲ್ಲಿ ನನ್ನ ಚಿಕ್ಕಪ್ಪ ಅವಕ್ಕೆ ಬಳಿಯುವ ವಾರ್ನಿಷ್ ಕಾಯಿಸುತ್ತಿದ್ದ. ಕಬ್ಬಿಣದ ಬಾಣಲೆಯಲ್ಲಿ ರಾಳ ಕರಗಿ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆ ಅಗಸೆ ಎಣ್ಣೆ ಬೀಳುತ್ತಿತ್ತು. ಆಗ ಏಳುವ ನೀಲಿ ಹೊಗೆ, ತಗಡಿನ ತೂತುಗಳಿಂದ ಇಳಿದ ಬಿಸಿಲಕೋಲುಗಳನ್ನು ಸುತ್ತಿಕೊಂಡು ಅಲ್ಲಲ್ಲೇ ತೇಲುತ್ತಿತ್ತು. ಅದರೊಳಗೆ ಓಡಾಡುವ ಚಿಕ್ಕಪ್ಪ ನೀರಿನಡಿಯಲ್ಲಿ ನಡೆಯುವವನಂತೆ ಕಾಣುತ್ತಿದ್ದ. ಅವನ ಎದೆ ಕೆಟ್ಟದ್ದು ಆ ಹೊಗೆಯಿಂದಲೇ.

ನಾನಾಗ ಚಾಮರಾಜನಗರದಲ್ಲಿದ್ದು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಅಲ್ಲಿನ ಡಾಕ್ಟರಿಗೆ ಅವನನ್ನು ತೋರಿಸಿದೆ. ಕೆಲಸ ಬಿಡಬೇಕು, ಇಲ್ಲವೇ ಹೊಗೆ ಒಳಹೋಗದಂತೆ ನೋಡಿಕೊಳ್ಳಬೇಕು, ಹೀಗೇ ಮುಂದುವರಿದರೆ ವರ್ಷ ಕಳೆಯುವುದೂ ಕಷ್ಟ ಎಂದರು. ಬಿಡುವ ಮಾತಿರಲಿಲ್ಲ. ಚಿಕ್ಕಮ್ಮ ಬಸುರಿ. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಈ ಸಲ ಹೆರಿಗೆ ಸುಸೂತ್ರವಾದರೆ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆಂದು ಚಿಕ್ಕಪ್ಪ ಮಾದೇಶ್ವರನಿಗೆ ಹರಕೆ ಹೊತ್ತಿದ್ದ. ತಲೆಗೂ ಗಡ್ಡಕ್ಕೂ ಕತ್ತಿ ಸೋಕಿಸಿರಲಿಲ್ಲ.

ಚಾಮರಾಜನಗರದ ಪೇಟೆಯಲ್ಲಿ ಮಿಲಿಟರಿಯವರು ಬೇಡವೆಂದು ಮಾರಿದ ಸಾಮಾನಿನ ಅಂಗಡಿಯೊಂದಿತ್ತು. ಬೂಟು, ಕಂಬಳಿ, ನೀರಿನ ಬಾಟಲಿಗಳ ರಾಶಿಯ ನಡುವೆ ಮುಖವಾಡಗಳೂ ಬಿದ್ದಿದ್ದವು. ನಾನು ಹಗುರಾದ ಬಟ್ಟೆಯದೊಂದನ್ನು ಕೈಗೆತ್ತಿಕೊಂಡೆ.

“ಅದು ಧೂಳ್ಗೆ ಸ್ವಾಮಿ, ಅರಿಸ್ನ ಕುಟ್ಟೋರ್ಗೆ ಸರಿ,” ಎಂದ ಅಂಗಡಿಯವ. “ರಾಳದ ಒಗೆ ಬಟ್ಟೇಲಿ ನೀರಿಳಿದಂಗೆ ಇಳೀತದೆ. ಇದ್ಲು ಡಬ್ಬಿ ಇರೋದೇ ಬೇಕು.”

ಅಂಥವು ಮೂರಿದ್ದವು. ಒಂದರ ರಬ್ಬರು ಮಡಿಕೆಯಲ್ಲಿ ಸೀಳಿತ್ತು. ಇನ್ನೊಂದರ ಡಬ್ಬಿಯ ಮುಚ್ಚಳ ಯಾವಾಗಲೋ ತೆರೆದಿತ್ತು. ಗಾಳಿ ಕುಡಿದ ಇದ್ದಿಲು ಸತ್ತ ಹಾಗೆಯೇ ಎಂದ. ಮೂರನೆಯದರ ಸೀಲು ಒಡೆದಿರಲಿಲ್ಲ. ಅದನ್ನೇ ಕೊಂಡೆ. ಡಬ್ಬಿಯಲ್ಲಿ ಇದ್ದಿಲಲ್ಲದೆ ಮತ್ತೇನಿತ್ತೋ ನಮಗೆ ತಿಳಿದಿರಲಿಲ್ಲ. ಅಂಥ ಕೆಲವು ಡಬ್ಬಿಗಳಲ್ಲಿ ಎದೆಗೇ ಕೇಡಾದ ಕಲ್ನಾರು ಇರುತ್ತಿತ್ತೆಂದು ಆಮೇಲೆ ಓದಿದೆ. ಇಂದಾದರೆ ಹಳೆಯ ಮಾಲನ್ನು ಕೊಳ್ಳಿ ಎಂದು ಯಾರಿಗೂ ಹೇಳಲಾರೆ.

ಗುಂಡ್ಲುಪೇಟೆಗೆ ಹೊರಟು ತೆರಕಣಾಂಬಿ ದಾಟುವಾಗ ಬಸ್ಸಿನಲ್ಲಿ ಜೋಂಪು ಹತ್ತಿತು. ತೊಡೆಯ ಮೇಲಿದ್ದ ಮುಖವಾಡದ ಎರಡು ಗಾಜುಗಳಲ್ಲಿ ಹೊಲಗಳು ಸಣ್ಣದಾಗಿ ಹಿಂದೆ ಸರಿಯುತ್ತಿದ್ದವು.

“ಏನ್ಲಾ ಇದು, ಆನೆ ಮರಿ ಸೊಂಡ್ಲು ಕುಯ್ಕೊಂಡ್ ಬಂದ್ಬುಟ್ಯಾ?” ಎಂದ ಚಿಕ್ಕಪ್ಪ, ಮನೆಯಲ್ಲಿ ಅದನ್ನು ಮುಂದಿಟ್ಟಾಗ.

“ಆಕ್ಕೊಂಡು ನೋಡಿ, ಮೂತಿಗೆ ಒಪ್ಪುತ್ತೆ,” ಎಂದು ಚಿಕ್ಕಮ್ಮ ನಕ್ಕಳು.

ಸೀಲು ಒಡೆದು ಡಬ್ಬಿ ತಿರುಗಿಸಿ ಕೂರಿಸಿ ಚಿಕ್ಕಪ್ಪನ ಮುಖಕ್ಕೆ ಕಟ್ಟಿದೆವು. ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಚಿಕ್ಕಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಅವನ ಸುತ್ತ ಹಿಡಿದಳು. ಬಿಳಿ ಹೊಗೆ ನಡುಮನೆಯನ್ನೆಲ್ಲ ತುಂಬಿತು. ಗೋಡೆ, ಕಂಬ, ಮನುಷ್ಯರು ಎಲ್ಲವೂ ಹಗುರಾಗಿ ನೆಲ ಬಿಟ್ಟು ನಿಂತಂತಿತ್ತು.

“ವಾಸ್ನೆ ಬತ್ತದಾ?” ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಪಟ್ಟಿ ಬಿಗಿದೆವು. ಮತ್ತೂ ಬಿಗಿದೆವು. ಆಗಲೂ ವಾಸನೆ ಬರುತ್ತಿತ್ತು. ಕೆಮ್ಮು ಶುರುವಾದಾಗ ಕಿತ್ತು ಪಕ್ಕಕ್ಕಿಟ್ಟ. ನಾನು ಅಂಚಿನಲ್ಲಿ ಬೆರಳಾಡಿಸಿ ನೋಡಿದೆ. ರಬ್ಬರು ಎಲ್ಲೂ ಹರಿದಿರಲಿಲ್ಲ.

“ಗಡ್ಡದ್ ಸಂದೀಲಿ ನುಗ್ತಾ ಅದೆ,” ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಗಡ್ಡವನ್ನು ಅಂಗೈಯಲ್ಲಿ ಮುಚ್ಚಿಕೊಂಡ. “ಎತ್ತಿಡ್ಲಾ ಅದ್ನ. ಸ್ವಾಮಿಗೆ ಕೊಟ್ಟದ್ದು ಇದು. ಕೂಸಿಗೇನಾರ ಆದ್ರೆ ನಾ ಯಾರ್ಗೆ ಮುಕ ತೋರ್ಸ್ಲಿ?” ಎಂದ.

“ಕೂಸು ಬಂದು ಅಪ್ಪ ಎಲ್ಲವ್ನೆ ಅಂದ್ರೆ ನಾ ಯಾರ್ನ ತೋರ್ಸ್ಲಿ?”

“ಸುಮ್ಕಿರಮ್ಮಿ.”

“ನಾ ಸುಮ್ಕಿರಾಕಿಲ್ಲ. ಒಟ್ಟೇಲಿ ಒತ್ಕೊಂಡಿರೋಳು ನಾನು. ಸ್ವಾಮಿ ಮುನ್ಕೊಂಡ್ರೆ ನನ್ಮ್ಯಾಗೆ ಮುನ್ಕೊಳ್ಲಿ.”

ಅವಳು ಬಿಳಿ ಬಟ್ಟೆಯ ತುಂಡೊಂದನ್ನು ಅರಿಸಿನದ ನೀರಿನಲ್ಲಿ ಅದ್ದಿ, ಹಿಂಡಿ, ಅವನ ಮುಂದೆ ಹಾಸಿದಳು. ದೇವರಿಗೆಂದು ಕಾಸನ್ನು ಮುಡಿಪು ಕಟ್ಟಿ ಇಡುವುದು ಎಲ್ಲ ಮನೆಗಳಲ್ಲೂ ಇತ್ತು. ಗಡ್ಡವನ್ನು ಹಾಗೆ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ, ಅವಳೂ ಕಂಡಿರಲಿಕ್ಕಿಲ್ಲ. ತಲೆಗೂದಲು ಹಾಗೇ ಇರಲಿ, ಗಡ್ಡ ಈಗಲೇ ಇಳಿದು, ಬೆಟ್ಟಕ್ಕೆ ಹೋಗುವವರೆಗೆ ಮುಡಿಪಾಗಿ ಕಾಯಲಿ ಎಂಬುದು ಅವಳ ತೀರ್ಮಾನ. ಚಿಕ್ಕಪ್ಪ ಬಟ್ಟೆಯನ್ನೇ ನೋಡುತ್ತ ಕೂತ. ಕೊನೆಗೆ ಗದ್ದ ಮುಂದೆ ಚಾಚಿದ. ಕತ್ತರಿ, ಆಮೇಲೆ ಕತ್ತಿ, ನನ್ನ ಕೈಯಲ್ಲೇ ಆಡಿದವು. ಅವನ ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಒಂದು ಕೂದಲೂ ನೆಲಕ್ಕೆ ಬೀಳದಂತೆ ಅವಳು ಬಟ್ಟೆಯ ಅಂಚುಗಳನ್ನು ಎತ್ತಿ ಹಿಡಿದಿದ್ದಳು.

ಮಾರನೆಯ ದಿನ ಮುಖವಾಡ ಕಟ್ಟಿಕೊಂಡೇ ಒಲೆ ಹಚ್ಚಿದ. ಒಳಗೆ ಹೊಗೆ ದಟ್ಟವಾಗಿ ಅವನ ಆಕಾರ ಕರಗಿಹೋಯಿತು. ಉಸಿರು ಬಿಟ್ಟಾಗಲೆಲ್ಲ ಮುಖವಾಡದ ರಬ್ಬರಿನ ತುಟಿ ತೆರೆದು ಮುಚ್ಚುವ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಕೆಮ್ಮಿರಲಿಲ್ಲ. ಶೆಡ್ಡಿನ ಹೊರಗೆ, ಗಾಳಿ ಬರುವ ಕಡೆ, ಚಿಕ್ಕಮ್ಮ ಕಲ್ಲಿನ ಮೇಲೆ ಕೂತಿದ್ದಳು. ಸದ್ದು ನಿಂತಿತೆನಿಸಿದಾಗ “ಏನಂದ್ರೆ?” ಎಂದು ಕೂಗುತ್ತಿದ್ದಳು. ಬಾಯಿ ಬಿಡಲಾಗದ ಅವನು ಒಳಗಿನಿಂದ ಸೌಟಿನಲ್ಲಿ ಬಾಣಲೆಯ ಅಂಚನ್ನು ಒಮ್ಮೆ ಬಡಿಯುತ್ತಿದ್ದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮತ್ತೆ ಕಿವಿಗೊಡುತ್ತಿದ್ದಳು.