ಮೂರು ಪುಸ್ತಕ, ಒಂದೇ ಹಸಿರು ಫ್ರಾಕು

"ಭೂತ ಉಂಟು, ಭಯ ಇಲ್ಲ. ಮೂರನೇ ಭಾಗ ವೇಸ್ಟ್." ಇದು ಹತ್ತನೇ ಕ್ಲಾಸಿನ ಒಬ್ಬಳ ಅಭಿಪ್ರಾಯ. "ನಾಯಕಿ ಮೂರು ಪುಸ್ತಕ ಓಡ್ತಾಳೆ. ಎಲ್ಲಿಗೆ ಅಂತ ಅವಳಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ." ಇದು ಪಿಯುಸಿಯ ಹುಡುಗನದ್ದು. ಇನ್ನೊಬ್ಬಳದ್ದು ಒಂದೇ ಸಾಲು: "ಆ ಕುಲೆಗೆ ಬೇರೆ ಬಟ್ಟೆ ಇಲ್ವಾ? ಮೂರರಲ್ಲೂ ಅದೇ ಹಸಿರು ಫ್ರಾಕು!"

ಪ್ರಕಾಶಕರು ಇದನ್ನೆಲ್ಲ ಒಟ್ಟುಮಾಡಿ ನನ್ನ ಮೊಬೈಲಿಗೆ ಕಳಿಸಿ, ಕೊನೆಗೆ ಕೈಮುಗಿಯುವ ಚಿತ್ರ ಬೇರೆ ಹಾಕಿದ್ದರು. ನಾಲ್ಕನೆಯದು, ಅಂದರೆ ಕೊನೆಯದು, ಬರೆಯುವ ಮೊದಲು ನಾನು ಓದುಗರ ಮಾತು ಕೇಳಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಮೂಗು ಒರೆಸಲು ಬಾರದ ಮಕ್ಕಳು ನನಗೆ ಬರೆಯಲು ಕಲಿಸುವುದಾ? ಫ್ರಾಕಿನ ಸಾಲನ್ನು ಮಾತ್ರ ಎರಡೆರಡು ಸಲ ಓದಿದೆ. ಆ ಫ್ರಾಕು ಕತೆಯದ್ದಲ್ಲ, ನನ್ನ ಅಕ್ಕನದ್ದು.

ಅಕ್ಕ ಜ್ವರದಲ್ಲಿ ಹೋದಾಗ ಅವಳಿಗೆ ಒಂಬತ್ತು, ನನಗೆ ಏಳು. ನಮ್ಮ ತುಳುವರಲ್ಲಿ ಸತ್ತವರು ಕುಲೆಗಳಾಗಿ ಮನೆಯ ಸುತ್ತಮುತ್ತಲೇ ಇರುತ್ತಾರೆ ಎಂದು ನಂಬಿಕೆ. ನಾನು ದೊಡ್ಡವಳಾಗಿ, ಟೀಚರ್ ಆಗಿ, ನಾಲ್ಕಕ್ಷರ ಬರೆಯಲು ಕಲಿತಮೇಲೆ ಅವಳನ್ನು ಪುಸ್ತಕಕ್ಕೆ ಕರೆತಂದೆ. ಬಂದರ್‌ನ ಹಳೆಯ ಗೋಡೌನುಗಳ ಕೆಳಗೆ ಒಂದು ಸುರಂಗ. ಅದರೊಳಗೆ ತಂಗಿ, ಅವಳ ಜೊತೆ ಕುಲೆಯಾದ ಅಕ್ಕ. ಇಬ್ಬರೂ ನದಿಯನ್ನು ಕುಡಿದು ಬತ್ತಿಸುವ ರಾಕ್ಷಸನ ಬೆನ್ನು ಹತ್ತುತ್ತಾರೆ. ತಂಗಿ ಒಂದನೇ ಪುಸ್ತಕದಲ್ಲಿ ಹನ್ನೆರಡು, ಮೂರನೆಯದರಲ್ಲಿ ಹದಿನಾರು. ಅಕ್ಕ ಮಾತ್ರ ಯಾವಾಗಲೂ ಒಂಬತ್ತು.

ಅದೇ ವಾರ ಮನೆಯಲ್ಲಿಯೂ ಜಗಳ. ಮದುವೆಯಾಗದೆ ಸತ್ತುಹೋದವರಿಗೆ ಮದುವೆ ಮಾಡುವ ಕ್ರಮ ನಮ್ಮಲ್ಲಿ ಉಂಟು. ಹಾಗೆಯೇ ಹೋದ ಒಬ್ಬ ಹುಡುಗನನ್ನು ಹುಡುಕಿ, ಸೀರೆ ಬಳೆ ತಂದು, ಎರಡೂ ಮನೆಯವರು ಸೇರಿ ಎಲೆ ಹಾಕಿ ಬಡಿಸುತ್ತಾರೆ. ಅಮ್ಮನಿಗೆ ಅಕ್ಕನ ಮದುವೆ ಆಗಲೇಬೇಕು. ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಳು, ನಾನು ಎಷ್ಟೋ ವರ್ಷಗಳಿಂದ ಆಗುವುದಿಲ್ಲ ಅನ್ನುತ್ತಿದ್ದೆ. ಈ ಸಲ ಗಂಡಿನ ಕಡೆಯವರು ತಾವಾಗಿಯೇ ಹೇಳಿ ಕಳಿಸಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ ಮಾಡುವುದು, ಅದಕ್ಕೆ ಮೊದಲು ಉತ್ತರ ಬೇಕು. ಇಲ್ಲದಿದ್ದರೆ ಅವರು ಬೇರೆ ಹೆಣ್ಣು ನೋಡುತ್ತಾರೆ.

"ಮೂಢನಂಬಿಕೆ," ಅಂದೆ ನಾನು. "ನಾನಿರುವಾಗ ಈ ಮನೆಯಲ್ಲಿ ಅದೆಲ್ಲ ಬೇಡ."

ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು. "ಊರಿಡೀ ಕುಲೆಯ ಕತೆ ಮಾರಿ ಪೇಪರಿನಲ್ಲಿ ಫೋಟೋ ಹಾಕಿಸ್ಕೊಳ್ತಿ. ಮನೆಯ ಕುಲೆ ನನ್ನ ಕನಸಿಗೆ ಬಂದು ಕೇಳಿದ್ರೆ ಮಾತ್ರ ಮೂಢನಂಬಿಕೆಯಾ?"

ನಾನು ಎದ್ದು ಹೋದೆ.

ಭಾನುವಾರ ಉರ್ವದ ಒಂದು ವಾಚನಾಲಯದ ಮಾಳಿಗೆಯಲ್ಲಿ ಓದುಗರ ಸಭೆ. ಇಪ್ಪತ್ತು ಇಪ್ಪತ್ತೈದು ಮಕ್ಕಳು, ಹಿಂದಿನ ಸಾಲಿನಲ್ಲಿ ತಂದೆತಾಯಂದಿರು. ಒಬ್ಬಳಿಗೆ ರಾಕ್ಷಸ ಬೋರು, ಒಬ್ಬನಿಗೆ ಸುರಂಗ ಉದ್ದ ಆಯಿತು, ಇನ್ನೊಬ್ಬಳಿಗೆ ಲವ್ ಇಲ್ಲ ಅಂತ ಬೇಜಾರು. ನಾನು ಹಲ್ಲು ಕಚ್ಚಿಕೊಂಡು ನಗುತ್ತಾ ಕೂತಿದ್ದೆ. ಆಗ ಹಿಂದಿನಿಂದ ಬಿಳಿ ಟೊಪ್ಪಿಯ ಒಬ್ಬರು ಎದ್ದುನಿಂತರು. ಪಕ್ಕದಲ್ಲಿ ಮಗಳು, ಅವಳ ಮಡಿಲಲ್ಲಿ ನನ್ನ ಮೂರೂ ಪುಸ್ತಕ.

"ಮೇಡಂ, ನನಗೆ ತೊಕ್ಕೊಟ್ಟಿನಲ್ಲಿ ಒಂದು ಫ್ಯಾನ್ಸಿ ಅಂಗಡಿ ಉಂಟು. ಬಳೆ, ರಿಬ್ಬನ್, ಅಂಥದ್ದು. ಮಗಳು ಓದಿ ಹೇಳಿದ್ಳು, ನಾನು ಕೇಳಿದೆ. ಬೇಜಾರು ಮಾಡ್ಬೇಡಿ, ನಿಮ್ಮ ಕುಲೆ ಸರಿ ಇಲ್ಲ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

"ಎಂತ ಸರಿ ಇಲ್ಲ?" ಅಂದೆ.

"ನಿಮ್ಮಲ್ಲಿ ಸತ್ತ ಮಕ್ಕಳು ಅಲ್ಲಿಯೂ ಬೆಳೀತಾರೆ, ಅಲ್ವಾ? ಕಳೆದ ವರ್ಷ ಒಬ್ರು ಅಮ್ಮ ಅಂಗಡಿಗೆ ಬಂದ್ರು. ತೊಟ್ಟಿಲಲ್ಲೇ ಹೋದ ಮಗಳ ಮದುವೆಗೆ ಬಳೆ ಬೇಕು ಅಂದ್ರು. ನಾನು ದಡ್ಡ, ಮಗುವಿನ ಬಳೆ ತೆಗೆದಿಟ್ಟೆ. ನೋಡ್ಬೇಕಿತ್ತು ಅವರು ಬೈದದ್ದು! ಇಪ್ಪತ್ತೆಂಟು ವರ್ಷದ ಮದುಮಗಳ ಕೈಗೆ ಇದು ಹೋಗ್ತದಾ ಮಾರಾಯ್ರೆ ಅಂತ. ಮತ್ತೆ ದೊಡ್ಡ ಸೈಜು ತೆಗೊಂಡು ಹೋದ್ರು. ನಿಮ್ಮ ಪುಸ್ತಕದಲ್ಲಿ ತಂಗಿ ಹದಿನಾರಾದ್ಳು, ಅಕ್ಕ ಫ್ರಾಕಿನಲ್ಲೇ ಇದ್ದಾಳೆ. ಪಾಪ, ಅವಳನ್ನು ಯಾರು ಹಿಡಿದಿಟ್ಟದ್ದು?"

ನನಗೆ ಎಲ್ಲಿಂದ ಸಿಟ್ಟು ಬಂತೋ! "ನೀವು ಅಂಗಡಿ ನೋಡಿಕೊಳ್ಳಿ. ಬರೆಯುವುದನ್ನು ನಮಗೆ ಬಿಡಿ," ಅಂದುಬಿಟ್ಟೆ, ಮೈಕಿನಲ್ಲಿಯೇ. ಅವರು "ಆಯ್ತು ಮೇಡಂ" ಅಂತ ಕೂತರು. ಮಗಳು ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಸಹಿ ಹಾಕಿಸಿಕೊಳ್ಳಲು ತಂದಿದ್ದಳೋ ಏನೋ, ಹಾಕಿಸಿಕೊಳ್ಳದೆ ಹೋದಳು.

ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬರುವಾಗ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ತುಳುವರ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಅಕ್ಕನನ್ನು ಬೆಳೆಸಿದರೆ ಅವಳಿಗೆ ಮದುವೆ ಆಗಬೇಕು, ಮದುವೆಯಾದರೆ ಅವಳು ಬೇರೆ ಮನೆಗೆ ಹೋಗಬೇಕು. ನನಗೆ ಅವಳು ಹೋಗುವುದು ಬೇಡವಾಗಿತ್ತು. ಅದಕ್ಕೆ ಮೂಢನಂಬಿಕೆ ಅಂತ ದೊಡ್ಡ ಮಾತು ಆಡುತ್ತಿದ್ದೆ, ಅಷ್ಟೇ.

ಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಎದುರು ಕೂತು, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. "ಅಮ್ಮಾ, ಕನಸಿನಲ್ಲಿ ಅಕ್ಕ ಹೇಗಿರ್ತಾಳೆ?"

"ಹೇಗಿರ್ತಾಳೆ ಅಂದ್ರೆ? ನಿನ್ನ ಹಾಗೆಯೇ. ಕಿವಿಯ ಹತ್ರ ಕೂದಲು ಸ್ವಲ್ಪ ಬೆಳ್ಳಗಾಗಿದೆ." ಅಮ್ಮ ಮೊರದಿಂದ ಒಂದು ಕಲ್ಲು ಹೆಕ್ಕಿ ಬದಿಗಿಟ್ಟಳು. "ಬಾಗಿಲಲ್ಲೇ ನಿಲ್ತಾಳೆ, ಒಳಗೆ ಬರುದಿಲ್ಲ. ಕೈ ಬೋಳು. ತಂಗಿ ನನ್ನನ್ನು ಯಾಕೆ ಬಿಡುದಿಲ್ಲ ಅಂತ ಕೇಳ್ತಾಳೆ. ನಾನೆಂತ ಹೇಳ್ಲಿ?"

ಹಸಿರು ಫ್ರಾಕು ಅಮ್ಮನ ಕನಸಿನಲ್ಲಿ ಇರಲೇ ಇಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ, ಅಕ್ಕಿ ಆರಿಸುವುದನ್ನು ಮುಗಿಸಿದಳು. ಆಮೇಲೆ "ಹಾಗಾದ್ರೆ ಅವರಿಗೆ ಹೇಳಿ ಕಳಿಸ್ಲಾ?" ಅಂದಳು. ನಾನು ತಲೆಯಾಡಿಸಿದೆ. ನಾಲ್ಕನೆಯ ಪುಸ್ತಕ ಆಟಿ ಕಳೆದ ಮೇಲೆ ಅಂತ ಪ್ರಕಾಶಕರಿಗೂ ಬರೆದೆ.

ಮರುದಿನ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದೆ. ಆ ಜನಜಂಗುಳಿಯಲ್ಲಿ ಮೂರು ಫ್ಯಾನ್ಸಿ ಅಂಗಡಿ ಹತ್ತಿಳಿದ ಮೇಲೆ ಅವರದ್ದು ಸಿಕ್ಕಿತು. ನನ್ನನ್ನು ನೋಡಿದವರೇ, "ಅಂಗಡಿ ನೋಡಿಕೊಳ್ತಾ ಇದ್ದೇನೆ ಮೇಡಂ," ಅಂದರು. ತಪ್ಪಾಯಿತು ಅಂದೆ. ಅದಿರಲಿ, ಎಂತ ಬೇಕು ಹೇಳಿ, ಅಂದರು.

"ಬಳೆ. ಮದುಮಗಳಿಗೆ. ಗಾಜಿನದ್ದು, ಹಸಿರು."

ಅವರು ಯಾರ ಮದುವೆ ಅಂತ ಕೇಳಲಿಲ್ಲ. "ಸೈಜು?"

ನನಗೆ ಗೊತ್ತಿರಲಿಲ್ಲ. ಅಂಗಡಿಯ ಮೇಜಿನ ಮೇಲೆ ನನ್ನ ಬಲಗೈ ಚಾಚಿದೆ. ಅವರು ಮುಟ್ಟದೆ, ನೋಡಿಯೇ, "ನಿಮಗೆ ಟೂ ಸಿಕ್ಸ್," ಅಂದರು.

"ಅವಳು ನನಗಿಂತ ದೊಡ್ಡವಳು," ಅಂದೆ. "ಟೂ ಎಯ್ಟ್ ಕೊಡಿ."